ತೋಳದ ಕಥೆ ಬಿಡಿ, ಮಗುವಿನ ಪಕ್ಕ ಮಲಗಿ



ನಾವು ಕಡೂರಿನವರು. ಮದುವೆಯಾಗಿ ಹದಿಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ತೋರಿಸದ ಡಾಕ್ಟರಿಲ್ಲ, ಹೊರದ ಹರಕೆಯಿಲ್ಲ. ಕೊನೆಗೆ ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ಹೆಸರು ನೋಂದಾಯಿಸಿ ಕಾದೆವು. ಏಳು ತಿಂಗಳ ಹಿಂದೆ ಕಲಬುರಗಿ ಕಡೆಯ ಒಂದು ದತ್ತು ಕೇಂದ್ರದಿಂದ ಮಗಳು ಮನೆಗೆ ಬಂದಳು. ಈಗ ಅವಳಿಗೆ ಐದು ತುಂಬುತ್ತಾ ಬಂತು. ಒಂದೂವರೆ ವರ್ಷದವಳಿದ್ದಾಗ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳಂತೆ. ಅದರ ಹಿಂದಿನದು ಯಾರಿಗೂ ತಿಳಿಯದು.

ಮಗು ಲಕ್ಷಣವಾಗಿದ್ದಾಳೆ. ಆದರೆ ಬೇರೆ ಮಕ್ಕಳ ಹಾಗಿಲ್ಲ. ಹೊಟ್ಟೆ ತುಂಬ ಉಂಡ ಮೇಲೂ ಚಪಾತಿ, ಬಾಳೆಹಣ್ಣು ತಂದು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ. ಇರುವೆ ಮುತ್ತಿದ ಮೇಲೆ ನನಗೆ ಗೊತ್ತಾಗುತ್ತದೆ. ಮೊನ್ನೆ ಜಗುಲಿಯಿಂದ ಬಿದ್ದು ಮೊಣಕಾಲು ಒಡೆದು ರಕ್ತ ಬಂದರೂ ಅಳಲಿಲ್ಲ, ನನ್ನ ಹತ್ತಿರ ಬರಲೂ ಇಲ್ಲ. ರಾತ್ರಿ ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುತ್ತಾ ತನ್ನಷ್ಟಕ್ಕೆ ನಿದ್ದೆ ಹೋಗುತ್ತಾಳೆ. ಅದೇ ಮಗು ಬೀರೂರಿನ ಸಂತೆಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸಿನ ಕೈ ಹಿಡಿದು ‘ಅಮ್ಮಾ’ ಎಂದು ಹೊರಟುಬಿಟ್ಟಳು. ನನ್ನನ್ನು ಇನ್ನೂ ಒಮ್ಮೆಯೂ ಹಾಗೆ ಕರೆದಿಲ್ಲ. ಮಾತೂ ಕಡಿಮೆ, ಎರಡು ಮೂರು ಪದ ಸೇರಿಸಿ ಹೇಳಿದರೆ ಹೆಚ್ಚು.

ನಮ್ಮ ಭಾವ ಹೈಸ್ಕೂಲ್ ಮೇಷ್ಟ್ರು, ಸಮಾಜಶಾಸ್ತ್ರ ಓದಿದವರು. ತೋಳಗಳ ಜೊತೆ ಬೆಳೆದ ಇಬ್ಬರು ಹುಡುಗಿಯರ ಕಥೆ ಹೇಳಿ, ‘ಮೊದಲ ವರ್ಷಗಳಲ್ಲಿ ಮನುಷ್ಯರ ಸಂಗ ಸಿಗದಿದ್ದರೆ ಆಮೇಲೆ ಏನು ಮಾಡಿದರೂ ಅಷ್ಟೇ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕಾಲ ಮಿಂಚುವ ಮೊದಲು ವಾಪಸ್ ಕೊಟ್ಟುಬಿಡಿ’ ಎಂದರು. ಅತ್ತೆಗೂ ಅದೇ ಮನಸ್ಸು. ನನ್ನ ಯಜಮಾನರು ಏನೂ ಮಾತಾಡುತ್ತಿಲ್ಲ. ನಿಜಕ್ಕೂ ತಡವಾಯಿತಾ ಮೇಡಂ? ಮಾಘದಲ್ಲಿ ಅಂತರಘಟ್ಟೆ ಅಮ್ಮನ ಜಾತ್ರೆ ಇದೆ, ಮಗುವನ್ನು ಕರೆದುಕೊಂಡು ಬರುತ್ತೇನೆಂದು ಹರಕೆ ಹೊತ್ತಿದ್ದೆ. ಈಗ ಆ ಜನಜಂಗುಳಿಗೆ ಕರೆದೊಯ್ಯಲು ಭಯ. ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿಲ್ಲ. ನನಗೇ ಅವಳ ಮೇಲೆ ಪ್ರೀತಿ ಹುಟ್ಟುತ್ತಿಲ್ಲವೇನೋ ಎಂದು ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ.

ಒಬ್ಬ ತಾಯಿ, ಕಡೂರು

*

ಸಹೋದರಿ, ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ. ತಡವಾಗಿಲ್ಲ. ಮೊದಲ ವರ್ಷಗಳಲ್ಲಿ ನಿಮ್ಮ ಮಗಳು ಕಳೆದುಕೊಂಡದ್ದು ಸಣ್ಣದೇನೂ ಅಲ್ಲ, ಅದರ ಕೆಲವು ಗುರುತುಗಳು ಬಹಳ ಕಾಲ ಉಳಿಯಲೂಬಹುದು. ಆದರೆ ‘ಇನ್ನು ಏನು ಮಾಡಿದರೂ ಅಷ್ಟೇ’ ಎಂಬ ಮಾತಿಗೆ ಆಧಾರವಿಲ್ಲ. ಭಾವನವರು ಹೇಳಿದ ಕಥೆಯಂತೂ ಅದಕ್ಕೆ ಖಂಡಿತ ಆಧಾರವಾಗದು.

ಆ ಕಥೆ ಅವರು ಕಟ್ಟಿದ್ದಲ್ಲ, ಓದಿದ್ದು. ಮ್ಯಾಕೈವರ್ ಮತ್ತು ಪೇಜ್ ಬರೆದ ‘ಸೊಸೈಟಿ’ ಎಂಬ ಪುಸ್ತಕದಲ್ಲಿ ಸಮಾಜವಿಲ್ಲದೆ ಬೆಳೆದವರೆಂದು ಮೂರು ಪ್ರಕರಣಗಳಿವೆ: ಜರ್ಮನಿಯ ಕ್ಯಾಸ್ಪರ್ ಹೌಸರ್, ನಮ್ಮ ದೇಶದ ಅಮಲಾ-ಕಮಲಾ, ಅಮೆರಿಕದ ಅನ್ನಾ. ನಮ್ಮ ಕಾಲೇಜುಗಳ ಪಠ್ಯಕ್ಕೂ ನೋಟ್ಸಿಗೂ ಅವು ಇಳಿದು ಬಂದು ತಲೆಮಾರುಗಳೇ ಆದವು. 1920ರಲ್ಲಿ ಬಂಗಾಳದ ಮಿಡ್ನಾಪುರದಲ್ಲಿ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೆ.ಎ.ಎಲ್. ಸಿಂಗ್, ದೊಡ್ಡ ಹುತ್ತವೊಂದರೊಳಗಿನ ತೋಳದ ಬಿಲದಿಂದ ಇಬ್ಬರು ಹೆಣ್ಣುಮಕ್ಕಳನ್ನು ಹೊರತೆಗೆದೆ ಎಂದರು. ಕಿರಿಯವಳು ಅಮಲಾ ಮರುವರ್ಷವೇ ತೀರಿಕೊಂಡಳು. ಕಮಲಾ 1929ರವರೆಗೆ ಬದುಕಿದ್ದಳು. ಮಕ್ಕಳು ಅನಾಥಾಲಯದಲ್ಲಿದ್ದದ್ದು ನಿಜ. ತೋಳದ ಬಿಲದಿಂದ ಬಂದರೆಂಬುದಕ್ಕೆ ಮಾತ್ರ ಸಿಂಗ್ ಅವರ ದಿನಚರಿ ಬಿಟ್ಟರೆ ನಂಬಬಹುದಾದ ಸಾಕ್ಷಿ ಸಿಗಲಿಲ್ಲ. ಕತ್ತಲಲ್ಲಿ ಆ ಮಕ್ಕಳ ಕಣ್ಣು ಹೊಳೆಯುತ್ತಿತ್ತು ಎಂದೂ ಸಿಂಗ್ ಬರೆದಿದ್ದಾರೆ. ದನ, ನಾಯಿ, ತೋಳಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪೊರೆಯೊಂದಿದೆ. ಮನುಷ್ಯನ ಕಣ್ಣಿನಲ್ಲಿ ಅದಿಲ್ಲ, ತೋಳದ ಜೊತೆ ಎಷ್ಟು ವರ್ಷ ಇದ್ದರೂ ಬೆಳೆಯುವುದಿಲ್ಲ. ಫ್ರಾನ್ಸಿನ ಸೆರ್ಜ್ ಅರೋಲ್ ಹಳೆಯ ದಾಖಲೆಗಳನ್ನು ಹುಡುಕಿ ನೋಡಿ, 2007ರ ತಮ್ಮ ಪುಸ್ತಕದಲ್ಲಿ ಇದನ್ನು ಕಟ್ಟುಕಥೆಯೆಂದೇ ತೀರ್ಮಾನಿಸಿದರು.

ತೋಳದ ವಿಷಯವನ್ನು ಕಡೂರಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳ ಜೊತೆ ತೋಳಗಳೂ ಇವೆ, 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿ ಕುರಿ ಮೇಯಿಸುವವರನ್ನು ಕೇಳಿ. ತೋಳದ ಮರಿ ಹೆಚ್ಚೆಂದರೆ ಎರಡು, ಎರಡೂವರೆ ತಿಂಗಳು ಹಾಲು ಕುಡಿಯುತ್ತದೆ, ಆಮೇಲೆ ತಾಯಿಯ ಹಿಂದೆ ಓಡುತ್ತದೆ. ನಮ್ಮ ಕೂಸಿಗೆ ಆ ವಯಸ್ಸಿಗೆ ಕತ್ತು ಕೂಡ ಗಟ್ಟಿಯಾಗಿ ನಿಲ್ಲುವುದಿಲ್ಲ. ಬೇಟೆಗೆಂದು ರಾತ್ರಿಯೆಲ್ಲ ಅಲೆಯುವ ಪ್ರಾಣಿ, ವರ್ಷ ಕಳೆದರೂ ನಡೆಯಲು ಬಾರದ ಕೂಸನ್ನು ಸಾಕುವುದು ಹೇಗೆ?

ಹಾಗಾದರೆ ಕಾಡಿನಲ್ಲಿ ಸಿಕ್ಕ ಆ ಮಕ್ಕಳೆಲ್ಲ ಯಾರು? 2017ರಲ್ಲಿ ಉತ್ತರ ಪ್ರದೇಶದ ಬಹರೈಚ್ ಜಿಲ್ಲೆಯ ಕತರ್ನಿಯಾಘಾಟ್ ಅರಣ್ಯದ ಹತ್ತಿರ ಒಬ್ಬ ಹುಡುಗಿ ಸಿಕ್ಕಾಗ ಮಂಗಗಳು ಸಾಕಿದ ಮಗು ಎಂದು ಊರೆಲ್ಲ ಸುದ್ದಿಯಾಯಿತು. ಅರಣ್ಯ ಇಲಾಖೆಯವರು ಅದನ್ನು ಒಪ್ಪಲಿಲ್ಲ. ಮಗು ಸಿಕ್ಕಿದ್ದು ರಸ್ತೆಯ ಬದಿಯಲ್ಲಿ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆಯ ತೊಂದರೆ ಇದ್ದ ಅವಳನ್ನು ಯಾರೋ ತಂದು ಬಿಟ್ಟುಹೋಗಿರಬೇಕು ಎಂಬುದು ನೋಡಿದವರ ಅಭಿಪ್ರಾಯವಾಗಿತ್ತು. ಅದೇ ವರ್ಷದ ಕೊನೆಯಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ಅಲ್ಲಾಪುರದಲ್ಲಿ ಎರಡು ವರ್ಷದ ಗಂಡು ಮಗುವಿನ ಸುತ್ತ ಮುಸುವಗಳ ಹಿಂಡು ಬಂದು ಕೂರುವುದನ್ನು ದೇಶವಿದೇಶದ ಪತ್ರಿಕೆಗಳು ಬರೆದವು. ಮಾತು ಇನ್ನೂ ಸರಿಯಾಗಿ ಬಾರದ ಆ ಕೂಸನ್ನು ಮೌಗ್ಲಿ ಎಂದು ಕರೆದವರೂ ಉಂಟು. ಆದರೆ ಸಂಜೆಯಾದರೆ ಎತ್ತಿಕೊಂಡು ಒಳಗೆ ಹೋಗಲು ಅವನಿಗೆ ಮನೆಯವರಿದ್ದರು. ಕಾಡುಮಕ್ಕಳ ಕಥೆಗಳನ್ನು ಓದುವಾಗಲೆಲ್ಲ ನನಗೆ ಕಾಡುವ ಸಂಗತಿ ಇದು: ಮಗುವನ್ನು ಸಾಕಿದ ಪ್ರಾಣಿಯ ಬಗ್ಗೆ ನಾವು ಬೆರಗಾಗಿ ಮಾತಾಡುತ್ತೇವೆ, ಕೈಬಿಟ್ಟ ಮನುಷ್ಯರ ಬಗ್ಗೆ ಕೇಳುವುದೇ ಇಲ್ಲ.

‘ಸೊಸೈಟಿ’ ಪುಸ್ತಕದ ಆ ಮೂರು ಕಥೆಗಳಲ್ಲಿ ಅನ್ನಾಳದು ಮಾತ್ರ ಅನುಮಾನವಿಲ್ಲದ್ದು, ಅವಳ ಜೊತೆಗೇ ಹೇಳಬೇಕಾದ ಇನ್ನೊಂದು ಮಗುವಿನ ಹೆಸರು ಇಸಾಬೆಲ್. ಇವರಿಬ್ಬರ ವಿಷಯ ಭಾವನವರಿಗೆ ಪೂರ್ತಿ ತಿಳಿಸಿ. ಇಬ್ಬರ ಬಗ್ಗೆಯೂ ಬರೆದವರು ಕಿಂಗ್ಸ್‌ಲಿ ಡೇವಿಸ್ ಎಂಬ ಸಮಾಜಶಾಸ್ತ್ರಜ್ಞ. ಇಬ್ಬರೂ ಅಮೆರಿಕದಲ್ಲಿ 1938ರಲ್ಲಿ, ಹೆಚ್ಚುಕಡಿಮೆ ಆರು ವರ್ಷದವರಾಗಿದ್ದಾಗ ಬೆಳಕಿಗೆ ಬಂದವರು. ಮದುವೆಯಿಲ್ಲದೆ ಹುಟ್ಟಿದವರೆಂದು ಇಬ್ಬರನ್ನೂ ಮನೆಯವರೇ ಮುಚ್ಚಿಟ್ಟಿದ್ದರು. ಅನ್ನಾಳನ್ನು ಅಟ್ಟದ ಮೇಲಿನ ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು, ಬದುಕಿರಲು ಬೇಕಾದಷ್ಟು ಹಾಲು ಕುಡಿಸುತ್ತಿದ್ದರು. ಸಿಕ್ಕಾಗ ಅವಳಿಗೆ ನಡೆಯಲೂ ಬರುತ್ತಿರಲಿಲ್ಲ. ಆಮೇಲೆ ಅವಳು ನಡೆದಳು, ಓಡಿದಳು, ಮಣಿ ಪೋಣಿಸಿದಳು, ಒಂದು ಗೊಂಬೆಯನ್ನು ಬಹಳ ಹಚ್ಚಿಕೊಂಡಳು, ಕೆಲವು ಮಾತು ಕಲಿತಳು. ಹತ್ತನೇ ವಯಸ್ಸಿಗೆ, 1942ರಲ್ಲಿ, ಕಾಮಾಲೆಯಿಂದ ತೀರಿಕೊಂಡಳು. ಇಸಾಬೆಲ್ ಸಿಕ್ಕಾಗ ಅವಳಿಗೂ ಮಾತಿರಲಿಲ್ಲ. ವಿಚಿತ್ರವಾಗಿ ಗೊರಗುಟ್ಟುತ್ತಿದ್ದಳು, ಅಪರಿಚಿತರನ್ನು ಕಂಡರೆ ಕಾಡುಪ್ರಾಣಿಯ ಹಾಗೆ ಬೆದರುತ್ತಿದ್ದಳು. ಬುದ್ಧಿಮಾಂದ್ಯಳೆಂದೇ ಮೊದಲು ಬಗೆದರು. ಆದರೂ ಕಲಿಸುವವರು ಬಿಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅವಳು ತನ್ನ ವಯಸ್ಸಿನ ಮಕ್ಕಳನ್ನು ಹಿಡಿದಳು, ಪ್ರಶ್ನೆ ಕೇಳುವ, ಕಥೆ ಕಟ್ಟಿ ಹೇಳುವ ಹುಡುಗಿಯಾದಳು, ಶಾಲೆಗೆ ಹೋದಳು.

ಯಾಕೆ ಈ ವ್ಯತ್ಯಾಸ? ಅನ್ನಾಳಿಗೆ ಹುಟ್ಟಿನಿಂದಲೇ ಏನಾದರೂ ಕೊರತೆ ಇದ್ದಿರಬಹುದು, ಕಲಿಸಿದವರ ಪರಿಣತಿಯೂ ಒಂದೇ ಆಗಿರಲಿಲ್ಲ. ಡೇವಿಸ್ ಇದನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ಆದರೆ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಇಸಾಬೆಲ್ ಆ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಇರಲಿಲ್ಲ, ತಾಯಿಯೂ ಜೊತೆಗಿದ್ದಳು. ಆಕೆಗೆ ಕಿವಿ ಕೇಳಿಸದು, ಮಾತು ಬಾರದು. ತಾಯಿ-ಮಗಳು ತಾವೇ ಮಾಡಿಕೊಂಡ ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಮಗು ಕೈ ಎತ್ತಿದರೆ ಉತ್ತರವಾಗಿ ಇನ್ನೊಂದು ಕೈ ಏಳುತ್ತಿತ್ತು. ಅನ್ನಾಳಿಗೆ ಅಷ್ಟೂ ಇರಲಿಲ್ಲ.

ಆಗಿನ ಚೆಕೊಸ್ಲೊವಾಕಿಯಾದಲ್ಲಿ 1967ರಲ್ಲಿ ಏಳು ವರ್ಷದ ಅವಳಿ ಗಂಡುಮಕ್ಕಳು ಸಿಕ್ಕರು. ಮಲತಾಯಿ ಅವರನ್ನು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಳು. ಸರಿಯಾಗಿ ನಡೆಯಲು ಬಾರದು, ಮಾತಿಲ್ಲ, ಚಿತ್ರ ಕಂಡರೆ ಏನೆಂದು ತಿಳಿಯದು. ಕೊನೆಗೆ ಅವರನ್ನು ಮನೆಗೆ ಕರೆದುಕೊಂಡದ್ದು ಮದುವೆಯಾಗದ ಇಬ್ಬರು ಅಕ್ಕತಂಗಿಯರು. ಹುಡುಗರು ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಎಲ್ಲರ ಹಾಗೆ ಇದ್ದರು. ಮುಂದೆ ಕೆಲಸ ಹಿಡಿದರು, ಸಂಸಾರ ಮಾಡಿದರು. ಇವರ ಬಗ್ಗೆ ಯಾರ್ಮಿಲಾ ಕೊಲುಖೋವಾ ಎಂಬ ಮನಃಶಾಸ್ತ್ರಜ್ಞೆ ವರ್ಷಗಳ ಕಾಲ ಬರೆದಿದ್ದಾರೆ. ಆ ಮಾಳಿಗೆಯಲ್ಲಿ ಅಣ್ಣನಿಗೆ ತಮ್ಮ, ತಮ್ಮನಿಗೆ ಅಣ್ಣ ಇದ್ದರು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಮಗಳು ಕೇಂದ್ರದಲ್ಲಿ ಕಳೆದ ಸುಮಾರು ಮೂರು ವರ್ಷಗಳಲ್ಲಿಯೂ ಯಾರೋ ಒಬ್ಬರು ಇದ್ದಿರಬಹುದು, ಅವರನ್ನು ಹುಡುಕಿ. ದತ್ತು ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿ: ರಾತ್ರಿ ಪಾಳಿಯ ಆಯಾ ಯಾರಿದ್ದರು? ಇವಳು ಯಾರ ಸೆರಗು ಹಿಡಿದು ಓಡಾಡುತ್ತಿದ್ದಳು? ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಮಗು ಯಾವುದು? ಅಲ್ಲಿ ಇವಳನ್ನು ಏನೆಂದು ಕರೆಯುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಏನು ಇಷ್ಟಪಟ್ಟು ತಿನ್ನುತ್ತಿದ್ದಳು? ಅಲ್ಲಿನ ಹೆಸರನ್ನು ಪೂರ್ತಿ ಅಳಿಸಿಹಾಕಬೇಡಿ, ಮನೆಯಲ್ಲಿ ಮುದ್ದಿಗೆ ಅದೂ ಇರಲಿ. ಕಲಬುರಗಿಯ ಮಾತಿನ ಧಾಟಿಯೇ ಬೇರೆ, ಅಲ್ಲಿನ ಆಯಾಗಳು ಉರ್ದುವೋ ತೆಲುಗೋ ಆಡುತ್ತಿದ್ದಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಮನೆಯಲ್ಲಿ ಅವಳು ಸುಮ್ಮನಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ನೀವು ಬರೆದ ಒಂದೊಂದು ಲಕ್ಷಣಕ್ಕೆ ಬರೋಣ. ಇವು ಹೊಸವಲ್ಲ. 1989ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಉರುಳಿದ ಮೇಲೆ ಅಲ್ಲಿನ ಅನಾಥಾಲಯಗಳ ಬಾಗಿಲು ತೆರೆದು ನೋಡಿದವರು, ಸಾಲು ಸಾಲು ತೊಟ್ಟಿಲುಗಳಿದ್ದ ಕೋಣೆಗಳಲ್ಲಿ ಅಳುವಿನ ಸದ್ದೇ ಇಲ್ಲದ್ದು ಕಂಡು ದಂಗಾದರು. ಅತ್ತರೆ ಯಾರೂ ಬಾರದ ಕಡೆ ಕೂಸು ಅಳುವುದನ್ನು ಬಿಡುತ್ತದೆ. ತೂಗುವವರಿಲ್ಲದ ಕಡೆ ತನ್ನನ್ನು ತಾನೇ ತೂಗಿಕೊಳ್ಳುತ್ತದೆ. ನಮ್ಮ ಕೇಂದ್ರಗಳೆಲ್ಲ ಹಾಗಿವೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಆಯಾಗಳು ಜೀವ ತೇದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಆದರೆ ಒಬ್ಬಾಕೆಯ ಕೈಗೆ ಹಲವು ಕೂಸುಗಳಿದ್ದರೆ, ಅದರಲ್ಲೂ ಪಾಳಿ ಬದಲಾಗುತ್ತಿದ್ದರೆ, ಎಲ್ಲರ ಅಳುವಿಗೂ ಹೊತ್ತಿಗೆ ಸರಿಯಾಗಿ ಓಡಿಬರುವುದು ಯಾರಿಂದಲೂ ಆಗದು.

ಹಾಗಾಗಿ ಅವಳು ಬಿದ್ದಾಗ ಅವಳು ಬರಲೆಂದು ಕಾಯಬೇಡಿ, ನೀವೇ ಹೋಗಿ. ‘ಅಯ್ಯೋ ಕಂದಾ, ನೋವಾಯಿತಾ’ ಎನ್ನಿ, ಊದಿ, ಅರಿಶಿನ ಹಚ್ಚಿ, ಮಡಿಲಿಗೆ ಎಳೆದುಕೊಳ್ಳಿ. ಮೈ ಬಿಗಿಹಿಡಿದರೆ ಬಲವಂತ ಬೇಡ, ಪಕ್ಕದಲ್ಲೇ ಕೂತಿರಿ. ಸಣ್ಣ ತರಚು ಗಾಯಕ್ಕೂ ಹೀಗೇ ಮಾಡಿ. ‘ಗಟ್ಟಿ ಹುಡುಗಿ, ಅಳೋದೇ ಇಲ್ಲ’ ಎಂದು ಹೊಗಳುವವರ ಬಾಯಿ ಮುಚ್ಚಿಸಿ. ಒಂದು ದಿನ ಅವಳು ಬಿದ್ದು ರಂಪ ಮಾಡಿ ಅತ್ತಳೆಂದರೆ ನನಗೊಂದು ಕಾಗದ ಬರೆಯಿರಿ, ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿಲ್ಲ.

ರಾತ್ರಿ ಅವಳ ಪಕ್ಕದಲ್ಲೇ ಮಲಗಿ. ತೂಗಿಕೊಳ್ಳುವುದನ್ನು ನಿಲ್ಲಿಸಲು ಹೋಗಬೇಡಿ, ಬೆನ್ನ ಮೇಲೆ ಕೈ ಇಟ್ಟು ಅವಳ ಲಯಕ್ಕೇ ನಿಧಾನವಾಗಿ ತಟ್ಟಿ. ನಿಮ್ಮೂರಿನ ಯಾವ ಲಾಲಿ ಗೊತ್ತೋ ಅದನ್ನೇ ಹಾಡಿ, ದಿನವೂ ಅದೇ ಹಾಡು. ಐದು ವರ್ಷದವಳಿಗೆ ಲಾಲಿಯೇ ಎಂದು ಅತ್ತೆ ಕೇಳಬಹುದು. ಅವಳಿಗೆ ತಪ್ಪಿಹೋದದ್ದು ಎರಡು ವರ್ಷದವಳಿದ್ದಾಗಿನ ಲಾಲಿ, ಅದನ್ನು ಈಗ ಕೊಡುತ್ತಿದ್ದೀರಿ. ಸ್ನಾನ ಮಾಡಿಸುವುದು, ತುತ್ತು ಮಾಡಿ ಉಣ್ಣಿಸುವುದು, ತಲೆ ಬಾಚಿ ಜಡೆ ಹಾಕುವುದು, ‘ಇಷ್ಟು ದೊಡ್ಡವಳು, ತಾನೇ ಮಾಡಿಕೊಳ್ಳಲಿ’ ಎನಿಸುವ ಇವೆಲ್ಲ ಸದ್ಯಕ್ಕೆ ನಿಮ್ಮ ಕೈಯಿಂದಲೇ ಆಗಲಿ.

ತಿಂಡಿ ಬಚ್ಚಿಡುವುದಕ್ಕೆ ಬೈಯಲೇಬೇಡಿ, ಅದು ಕಳ್ಳತನವಲ್ಲ. ಅವಳ ಕೈಗೆಟುಕುವ ಕಡೆ, ಅವಳದೇ ಎಂದು ಒಂದು ಮುಚ್ಚಳದ ಡಬ್ಬಿ ಇಡಿ. ಹುರಿಗಡಲೆ, ಕೊಬ್ಬರಿ-ಬೆಲ್ಲ, ಬಿಸ್ಕತ್ತು, ಏನಾದರೂ ಸರಿ. ಯಾವ ಹೊತ್ತಿನಲ್ಲಿ ತೆರೆದರೂ ಅದು ಖಾಲಿ ಇರಕೂಡದು, ರಾತ್ರಿ ಹಾಸಿಗೆಗೆ ಒಯ್ದರೂ ಒಯ್ಯಲಿ. ಡಬ್ಬಿ ಬರಿದಾಗದೆಂಬ ನಂಬಿಕೆ ಬರಲು ತಿಂಗಳುಗಳೇ ಹಿಡಿಯಬಹುದು. ಆಮೇಲೆ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ.

ಸಂತೆಯ ಘಟನೆ ನಿಮಗೆ ಎಷ್ಟು ನೋವಾಗಿದೆಯೆಂದು ಬಲ್ಲೆ. ರೊಮೇನಿಯಾದಿಂದ ಇಂಗ್ಲೆಂಡಿನ ಮನೆಗಳಿಗೆ ಬಂದ 165 ಮಕ್ಕಳನ್ನು ಮೈಕೆಲ್ ರಟರ್ ಎಂಬ ಮನೋವೈದ್ಯರ ತಂಡ ಇಪ್ಪತ್ತು ವರ್ಷಕ್ಕೂ ಮೀರಿ ನೋಡುತ್ತಾ ಬಂದಿತು. ಗುರುತಿಲ್ಲದವರ ಹಿಂದೆ ಹೋಗಿಬಿಡುವುದು ಅಂಥ ಮಕ್ಕಳಲ್ಲಿ ಸಾಮಾನ್ಯ, ಮರೆಯಾಗಲು ಬಹಳ ಕಾಲ ಹಿಡಿಯುವ ಗುಣವೂ ಹೌದು. ದತ್ತು ಕೇಂದ್ರದಲ್ಲಿ ಬಂದುಹೋಗುವ ಹೆಂಗಸರೆಲ್ಲ ಮಕ್ಕಳಿಗೆ ಅಮ್ಮಂದಿರೇ. ಅವಳು ಇನ್ನೂ ನಿಮ್ಮನ್ನು ಹಾಗೆ ಕರೆಯದಿರುವುದು, ನೀವು ಆ ಬಂದುಹೋಗುವವರ ಸಾಲಿಗೆ ಸೇರಿಲ್ಲವೆಂಬುದರ ಸೂಚನೆಯೂ ಇರಬಹುದು. ಮಗುವಿನ ಮನಸ್ಸನ್ನು ಓದಬಲ್ಲೆ ಎನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಇಂಥ ಮನೆಗಳನ್ನು ನೋಡಿದವಳಾಗಿ, ‘ಅಮ್ಮಾ’ ಎನ್ನು ಎಂದು ಅವಳನ್ನು ಪೀಡಿಸಬೇಡಿ ಎಂದಷ್ಟೇ ಹೇಳಬಲ್ಲೆ. ಇನ್ನು ಕೆಲವು ತಿಂಗಳು ಅವಳ ಸುತ್ತಲಿನ ಬಳಗ ಚಿಕ್ಕದಾಗಿರಲಿ. ಎತ್ತಿಕೊಳ್ಳುವುದು, ಉಣ್ಣಿಸುವುದು, ಚಾಕೊಲೇಟ್ ಕೊಡುವುದು ನೀವಿಬ್ಬರು ಮಾತ್ರ. ನೆಂಟರು ಬಂದರೆ ತಲೆ ನೇವರಿಸಿ ಹರಸಲಿ, ಮಡಿಲಿಗೆ ಕರೆಯುವುದು ಬೇಡ. ‘ಎಲ್ಲರ ಹತ್ತಿರವೂ ಹೋಗ್ತಾಳೆ, ಎಷ್ಟು ಒಳ್ಳೆ ಮಗು’ ಎಂಬ ಮೆಚ್ಚುಗೆ ಈ ಮಗುವಿಗೆ ಹಿತವಲ್ಲ.

ಅದೇ ಅಧ್ಯಯನದ ಫಲಿತಾಂಶವನ್ನು ಪೂರ್ತಿ ಹೇಳಿಬಿಡುತ್ತೇನೆ, ಸಿಹಿಯನ್ನಷ್ಟೇ ಹೇಳಿ ನಿಮ್ಮನ್ನು ಮರುಳು ಮಾಡಲಾರೆ. ಆರು ತಿಂಗಳ ಒಳಗೆ ಮನೆ ಸೇರಿದವರು ಬೇರೆ ಮಕ್ಕಳಷ್ಟೇ ಚೆನ್ನಾಗಿ ಬೆಳೆದರು. ಆಮೇಲೆ ಬಂದವರಲ್ಲಿ ಚಂಚಲತೆ, ಜನರೊಡನೆ ಬೆರೆಯುವ ತೊಡಕು ಹಲವರಿಗೆ ಪ್ರಾಯಕ್ಕೆ ಬಂದ ಮೇಲೂ ಉಳಿದವು. ಆದರೆ ಚಿಕ್ಕಂದಿನಲ್ಲಿ ಬುದ್ಧಿಶಕ್ತಿಯಲ್ಲಿ ಹಿಂದಿದ್ದವರು ಪ್ರಾಯದ ಹೊತ್ತಿಗೆ ಎಲ್ಲರ ಸಮಕ್ಕೆ ಬಂದರು, ಐವರಲ್ಲೊಬ್ಬರಿಗೆ ಯಾವ ತೊಂದರೆಯೂ ಕಾಣಲಿಲ್ಲ. ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲೇ 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು 136 ಮಕ್ಕಳ ಅಧ್ಯಯನ ಶುರುಮಾಡಿ, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಹೆಚ್ಚು ಲಾಭವಾಯಿತು, ನಿಜ. ಅನಾಥಾಲಯದಲ್ಲೇ ಉಳಿದವರಿಗಿಂತ ಮನೆ ಸಿಕ್ಕವರು ಒಟ್ಟಿನಲ್ಲಿ ಮೇಲಾಗಿಯೇ ಇದ್ದರು. ಹಾಗಾಗಿ ಭಾವನವರ ಗಾದೆಯಲ್ಲಿ ಸತ್ಯ ಇಲ್ಲವೆನ್ನಲಾರೆ. ಅದನ್ನು ಹಿಡಿದುಕೊಂಡು ಐದು ವರ್ಷದ ಮಗುವನ್ನು ವಾಪಸ್ ಕಳಿಸಿ ಎನ್ನುವುದು ಮಾತ್ರ ತಪ್ಪು, ದೊಡ್ಡ ತಪ್ಪು.

ಅವರಿಗೆ ಇನ್ನೊಬ್ಬ ಹುಡುಗನ ವಿಷಯ ಹೇಳಿ. ಫ್ರಾನ್ಸಿನ ಅವೆರೋನ್ ಪ್ರಾಂತ್ಯದ ಕಾಡಿನಿಂದ 1800ರ ಜನವರಿಯಲ್ಲಿ ಹೊರಬಂದ, ಹನ್ನೊಂದೋ ಹನ್ನೆರಡೋ ವರ್ಷದ ವಿಕ್ಟರ್. ಪ್ಯಾರಿಸ್ಸಿನ ಕಿವುಡರ ಶಾಲೆಯ ತರುಣ ವೈದ್ಯ ಇಟಾರ್ ಐದು ವರ್ಷ ಅವನಿಗೆ ಅಕ್ಷರ, ಮಾತು ಕಲಿಸಲು ಹೆಣಗಿ ಕೈಚೆಲ್ಲಿದರು. ವಿಕ್ಟರ್ ಮಾತಾಡಲೇ ಇಲ್ಲ. ಪಠ್ಯಗಳು ಅಲ್ಲಿಗೆ ಕಥೆ ಮುಗಿಸುತ್ತವೆ. ಆದರೆ ಅವನಿಗೆ ಉಣ್ಣಿಸಿ, ತೊಳೆದು, ವಾಯುವಿಹಾರಕ್ಕೆ ಕರೆದೊಯ್ಯುತ್ತಿದ್ದದ್ದು ಗೆರಾಂ ಎಂಬ ಮನೆಗೆಲಸದ ಹೆಂಗಸು. ಊಟದ ಹೊತ್ತಿಗೆ ಮೇಜಿನ ಮೇಲೆ ತಟ್ಟೆ ಇಡುವುದು ವಿಕ್ಟರನ ಕೆಲಸ. ಆಕೆಯ ಗಂಡ ತೀರಿಕೊಂಡ ದಿನವೂ ಅವನು ಎಂದಿನಂತೆ ಆತನ ಜಾಗದಲ್ಲಿ ತಟ್ಟೆ ಇಟ್ಟ. ಅದನ್ನು ಕಂಡು ಆಕೆ ಬಿಕ್ಕಿ ಅತ್ತಳು. ಹುಡುಗ ನೋಡಿದ, ತಟ್ಟೆಯನ್ನು ಎತ್ತಿ ಒಳಗಿಟ್ಟ, ಮತ್ತೆಂದೂ ಆ ಜಾಗಕ್ಕೆ ತಟ್ಟೆ ಇಡಲಿಲ್ಲ. ಇದನ್ನು ಬರೆದಿಟ್ಟವರು ಇಟಾರ್ ಅವರೇ. ಪಾಠ ನಿಂತ ಮೇಲೂ ಆಕೆ ಅವನನ್ನು ಬಿಡಲಿಲ್ಲ. 1828ರಲ್ಲಿ ಸಾಯುವವರೆಗೂ ಅವನು ಆಕೆಯ ಮನೆಯಲ್ಲೇ ಇದ್ದ. ಮಾತು ಬಾರದ ಹುಡುಗನಿಗೆ ಇನ್ನೊಬ್ಬರ ದುಃಖ ಅರ್ಥವಾಗಿತ್ತು, ಅರ್ಥ ಮಾಡಿಸಿದವಳು ಜೊತೆಯಲ್ಲಿ ಉಂಡವಳು.

ವಾಪಸ್ ಕೊಡುವ ಮಾತನ್ನು ಮಗುವಿನ ಕಿವಿಗೆ ಬೀಳುವಂತೆ ಯಾರೂ ಆಡಕೂಡದು. ಜಿಲ್ಲಾಧಿಕಾರಿಗಳ ದತ್ತು ಆದೇಶ ಆದ ಮೇಲೆ ಅವಳು ಎಲ್ಲ ಅರ್ಥದಲ್ಲಿಯೂ ನಿಮ್ಮ ಮಗಳು, ಹೆತ್ತ ಮಗುವಿಗಿರುವ ಹಕ್ಕೆಲ್ಲ ಅವಳಿಗಿದೆ. ಕಾನೂನು ಒಂದು ಕಡೆ ಇರಲಿ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ, ಇನ್ನೊಮ್ಮೆ ಕೇಂದ್ರದಿಂದ ಹೊರಡುವಾಗ, ಹೀಗೆ ಎರಡು ಸಲ ತನ್ನವರೆಲ್ಲರನ್ನೂ ಕಳೆದುಕೊಂಡ ಮಗು ಅವಳು. ಮೂರನೆಯ ಸಲ ಆದರೆ, ಯಾರನ್ನೂ ನಂಬಬಾರದೆಂದು ನಾವೇ ಅವಳಿಗೆ ಕಲಿಸಿಕೊಟ್ಟಂತೆ. ಇದನ್ನು ಮನೆಯ ಹಿರಿಯರಿಗೆ ಹೇಳಬೇಕಾದವರು ನಿಮ್ಮ ಯಜಮಾನರು, ನೀವಲ್ಲ. ಅವರ ಅಣ್ಣ, ಅವರ ತಾಯಿ. ಈ ಪುಟವನ್ನು ಅವರ ಕೈಗೆ ಕೊಡಿ. ಭಾವನವರನ್ನು ದೂರ ಮಾಡಿಕೊಳ್ಳಬೇಡಿ. ಅರ್ಧ ಓದಿದ ಕಥೆ ಅವರನ್ನೂ ಹೆದರಿಸಿದೆ.

ಈಗ ನೀವು ಯಾರಿಗೂ ಹೇಳದ ಮಾತು. ಅದನ್ನು ಬರೆದಿರಲ್ಲ, ಅಷ್ಟಕ್ಕೇ ನಿಮ್ಮ ಮೇಲೆ ನನಗೆ ಗೌರವ. ತಾಯ್ತನದ ಪ್ರೀತಿ ಒಬ್ಬರಿಂದಲೇ ಹುಟ್ಟುವುದಿಲ್ಲ. ಕೂಸು ಅಳುತ್ತದೆ, ಎತ್ತಿಕೊಂಡರೆ ಸುಮ್ಮನಾಗುತ್ತದೆ, ಮುಖ ನೋಡಿ ನಗುತ್ತದೆ, ತಾಯಿ ಕರಗುತ್ತಾಳೆ. ನಿಮ್ಮ ಮಗಳು ಅಳುವುದಿಲ್ಲ, ಅಂಟಿಕೊಳ್ಳುವುದಿಲ್ಲ, ಕರೆಯುವುದಿಲ್ಲ. ಹದಿಮೂರು ವರ್ಷ ಕಾದ ಮಡಿಲಿಗೆ ಉತ್ತರವೇ ಬರುತ್ತಿಲ್ಲ. ನಿಮಗೆ ಖಾಲಿ ಎನಿಸುವುದು ಸಹಜ, ಹೆತ್ತವರಲ್ಲೂ ಎಷ್ಟೋ ಜನರಿಗೆ ಮೊದಲ ತಿಂಗಳುಗಳಲ್ಲಿ ಹೀಗೇ ಆಗುತ್ತದೆ. ಪ್ರೀತಿ ಬಂದ ಮೇಲೆ ಮಾಡೋಣವೆಂದು ಕಾಯದೆ ತುತ್ತು, ಜಡೆ, ಲಾಲಿ ಮಾಡುತ್ತಾ ಹೋಗಿ. ಮಾಡುತ್ತಾ ಮಾಡುತ್ತಾ ಬಂದದ್ದನ್ನು ನಾನು ಕಂಡಿದ್ದೇನೆ. ಆದರೆ ನಿದ್ದೆಯಿಲ್ಲದ ರಾತ್ರಿಗಳನ್ನು ಹಾಗೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಅತ್ತೆಯೋ ಓರಗಿತ್ತಿಯೋ ಸಹಾಯ ಮಾಡುತ್ತೇನೆಂದರೆ ಅಡುಗೆ, ಬಟ್ಟೆ ಅವರಿಗೆ ಬಿಡಿ, ಮಗುವನ್ನು ನೀವೇ ನೋಡಿಕೊಳ್ಳಿ.

ಒಂದು ಕೆಲಸವನ್ನು ಮಾತ್ರ ಈ ತಿಂಗಳೇ ಮಾಡಿ: ಅವಳ ಕಿವಿ ಪರೀಕ್ಷೆ. ಮಾತು ತಡವಾದ ಮಗುವಿಗೆ ಮಿಕ್ಕ ಎಲ್ಲಕ್ಕೂ ಮೊದಲು ಆಗಬೇಕಾದದ್ದು ಅದು. ಎಳವೆಯಲ್ಲಿ ಮತ್ತೆ ಮತ್ತೆ ಕಿವಿ ಸೋರಿ ಕೇಳುವುದು ಕಡಿಮೆಯಾಗಿರುವ ಮಕ್ಕಳು ಬೇಕಾದಷ್ಟಿದ್ದಾರೆ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ಮೊದಲು ತೋರಿಸಿ. ವಿವರವಾಗಿ ನೋಡಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಡೂರಿನಿಂದ ಮೈಸೂರಿಗೆ ನೇರ ರೈಲೂ ಇದೆ. ಬೆಳವಣಿಗೆಯ ಬಗ್ಗೆ ಅನುಮಾನ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗಿ. ದತ್ತು ಕೊಟ್ಟ ಮೇಲೆ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಮಗು ಹೇಗಿದೆಯೆಂದು ನೋಡುವುದು ನಿಯಮ. ಹಾಗೆ ಬಂದವರ ಮುಂದೆ ಎಲ್ಲ ಚೆನ್ನಾಗಿದೆ ಎಂದು ಕಾಫಿ ಕೊಟ್ಟು ಕಳಿಸಬೇಡಿ, ನನಗೆ ಬರೆದದ್ದನ್ನೆಲ್ಲ ಅವರಿಗೂ ಹೇಳಿ. ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ನೀವಾಗಿಯೇ ಕೇಳಿದರೂ ಆಪ್ತಸಮಾಲೋಚನೆಗೆ ದಾರಿ ತೋರಿಸುತ್ತಾರೆ.

ಜಾತ್ರೆಯ ವಿಷಯ. ಈ ಮಾಘಕ್ಕೆ ಬೇಡ. ಗಾಡಿಗಳ ಓಟ, ಆ ಧೂಳು, ಆ ಗದ್ದಲದಲ್ಲಿ ಅವಳು ಯಾರ ಕೈ ಹಿಡಿದು ಹೊರಟರೂ ನಿಮಗೆ ತಿಳಿಯದು. ಜನರಿಲ್ಲದ ಒಂದು ವಾರದ ದಿನ ನೀವು ಮೂವರೇ ಅಂತರಘಟ್ಟೆಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬನ್ನಿ, ಅಲ್ಲಿಗೆ ಹರಕೆ ಸಂದಿತು. ಜಾತ್ರೆಗೆ ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಹೋದರಾಯಿತು. ಹೋಗುವ ಮೊದಲು ಬೀರೂರಿನ ಸಂತೆಯಲ್ಲೊಮ್ಮೆ ನೋಡಿ, ಜನ ಹೆಚ್ಚಾದಾಗ ಅವಳು ತಿರುಗಿ ನಿಮ್ಮನ್ನು ಹುಡುಕುತ್ತಾಳೆಯೇ ಎಂದು. ಹುಡುಕಿದರೆ ಗಾಡಿ ಕಟ್ಟಿ.